ಹಡಗಿಗೆ ಹೊಸೆದ ಎಡಗೈ ಹಗ್ಗ

ಇದು ನಡೆದು ಎರಡು ವರ್ಷ ಆಯಿತು. ದೀಪಾವಳಿ ಕಳೆದು ಹದಿನೈದು ದಿನ ಆಗಿತ್ತು, ಗದ್ದೆಯ ಕೊಯ್ಲು ಮುಗಿದಿತ್ತು. ನನಗೆ ಆಗ ಎಪ್ಪತ್ತೊಂದೋ ಎಪ್ಪತ್ತೆರಡೋ. ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವುದು ನಿಧಾನ. ನಮ್ಮ ಸಂಘದ ವಾರಿಜ, "ನೀವು ಹೇಳಿ ಸೇಸಕ್ಕ, ನಾನು ಬರೆದು ಕೊಡ್ತೇನೆ" ಎಂದಳು. ಬೇಡ ಎಂದೆ. ಅವಳು ಬರೆದರೆ ನನ್ನ ತಪ್ಪನ್ನು ಮುಚ್ಚಿಟ್ಟು ಚಂದ ಮಾಡುತ್ತಾಳೆ, ಇಲ್ಲವಾದರೆ ಅವಳ ಸಿಟ್ಟನ್ನು ಸೇರಿಸಿ ದೊಡ್ಡದು ಮಾಡುತ್ತಾಳೆ. ಆದದ್ದು ಆದ ಹಾಗೆ ನಾನೇ ಬರೆಯುತ್ತೇನೆ. ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ.

ನಾನು ವಾಮದಪದವಿನವಳು. ನಾವು ಹನ್ನೊಂದು ಹೆಂಗಸರು ಸೇರಿ ತೆಂಗಿನ ನಾರಿನ ಹಗ್ಗ ಮಾಡುತ್ತೇವೆ. ಸಿಪ್ಪೆಯನ್ನು ತೋಡಿನ ನೀರಿನಲ್ಲಿ ಆರು ತಿಂಗಳು ಹೂತಿಟ್ಟು, ಮತ್ತೆ ತೆಗೆದು ಬಡಿದು, ನಾರು ಬಿಡಿಸಿ ಒಣಗಿಸುವುದು. ಆಮೇಲೆ ಅಂಗೈಯಲ್ಲಿ ಹುರಿ ಹೊಸೆಯುವುದು. ಹೆಚ್ಚಿನವರು ಎಡ ಅಂಗೈಯ ಮೇಲೆ ನಾರು ಇಟ್ಟು ಬಲ ಅಂಗೈಯನ್ನು ಮುಂದಕ್ಕೆ ಉಜ್ಜುತ್ತಾರೆ. ಹಾಗೆ ಬಂದದ್ದು ಬಲಹುರಿ. ನಾನು ಎಡಚಿ. ನನ್ನ ಎಡ ಅಂಗೈ ಮುಂದೆ ಹೋಗುತ್ತದೆ. ಆದ್ದರಿಂದ ನನ್ನ ಹಗ್ಗದ ಹುರಿ ಉಲ್ಟಾ ತಿರುಗುತ್ತದೆ. ದನ ಕಟ್ಟಲಿಕ್ಕೆ, ಬಾವಿಗೆ ಕೊಡಪಾನ ಇಳಿಸಲಿಕ್ಕೆ ಯಾವ ಹುರಿಯಾದರೂ ಒಂದೇ. ಇಷ್ಟು ವರ್ಷ ಯಾವ ದನವೂ ದೂರು ಹೇಳಲಿಲ್ಲ.

ಮನುಷ್ಯರು ಹೇಳುತ್ತಿದ್ದರು. ಶಾಲೆಯಲ್ಲಿ ಮಾಸ್ಟ್ರು ಎಡಗೈಯ ಗಂಟಿಗೆ ಹೊಡೆದರು, ಅದಕ್ಕೇ ಮೂರನೇ ಕ್ಲಾಸಿಗೆ ನಿಲ್ಲಿಸಿದೆ. ಮದುವೆ ಮನೆಯಲ್ಲಿ ತೆಂಗಿನಕಾಯಿ ತುರಿಯಲಿಕ್ಕೆ ಕೂರಿಸುತ್ತಾರೆ, ಬಡಿಸಲಿಕ್ಕೆ ಕರೆಯುವುದಿಲ್ಲ. ಬೇಸರ ಏನಿಲ್ಲ. ಬಡಿಸುವವರ ಸೊಂಟ ನೋಯುತ್ತದೆ, ನನ್ನದು ನೋಯುವುದಿಲ್ಲ.

ಆ ವರ್ಷ ಮಳೆಗಾಲಕ್ಕೆ ಮೊದಲು ಮಂಗಳೂರಿನಿಂದ ಇಬ್ಬರು ಬಂದರು. ಒಬ್ಬಳು ಎಂಜಿನಿಯರ್ ಹುಡುಗಿ. ಇನ್ನೊಬ್ಬರು ಹಸನಬ್ಬ ಮೇಸ್ತ್ರಿ ಎಂಬ ಮುದುಕ ಬ್ಯಾರಿ, ಬಂದರಿನಲ್ಲಿ ಮರದ ಹಡಗು ಕಟ್ಟುವ ಕೆಲಸದವರು. ಮಂಗಳೂರಿನ ಹೊಳೆಬದಿಯಲ್ಲಿ ಒಂದು ಹಾಯಿ ಹಡಗು ಕಟ್ಟುತ್ತಾರಂತೆ. ಹಿಂದೆ ನಮ್ಮ ಕರಾವಳಿಯಿಂದ ಅಕ್ಕಿ, ಕಾಳುಮೆಣಸು, ಹಂಚು ತುಂಬಿಕೊಂಡು ಹೋಗುತ್ತಿದ್ದ ಮಂಜಿ ಹಡಗಿನ ಹಾಗೆಯೇ, ಅದೇ ಅಳತೆಯಲ್ಲಿ. ಆದರೆ ಸಮುದ್ರಕ್ಕೆ ಹೋಗಲಿಕ್ಕೆ ಅಲ್ಲ, ಹೊಳೆಬದಿಯಲ್ಲಿ ನಿಲ್ಲಿಸಿ ಜನರಿಗೆ ತೋರಿಸಲಿಕ್ಕೆ. ಒಳಗೆ ಮ್ಯೂಸಿಯಂ.

"ಹೋಗದ ಹಡಗು ಎಂತಕ್ಕೆ?" ಎಂದು ಕೇಳಿದೆ.

ಮೇಸ್ತ್ರಿ ನಕ್ಕರು. "ನಾನೂ ಅದನ್ನೇ ಕೇಳಿದ್ದೆ ಅಕ್ಕ. ಆದರೆ ನಾನು ಕಟ್ಟಿದರೆ ಹೋಗುವಂಥದ್ದನ್ನೇ ಕಟ್ಟುವುದು. ನಿಲ್ಲಿಸುವುದು ಅವರಿಗೆ ಬಿಟ್ಟದ್ದು" ಎಂದರು.

ಅವರಿಗೆ ಯಂತ್ರದ ಹಗ್ಗ ಬೇಡ, ಕೈಯಲ್ಲಿ ಹೊಸೆದದ್ದೇ ಬೇಕು. ಎರಡು ಬೆರಳು ದಪ್ಪ, ಒಂದೊಂದು ಇಪ್ಪತ್ತು ಮಾರು ಉದ್ದ. ಕೈ ಎರಡೂ ಅಗಲಿಸಿದಷ್ಟು ಒಂದು ಮಾರು. ಹೋಗುವ ಮೊದಲು ಮೇಸ್ತ್ರಿ ಬೆರಳು ಎತ್ತಿ ಹೇಳಿದರು: "ಎಲ್ಲ ಬಲಹುರಿ ಆಗಬೇಕು. ಒಂದೂ ಎಡ ಬೆರೆಯಬಾರದು."

ಹತ್ತು ಹೆಂಗಸರು ನನ್ನ ಮುಖ ನೋಡಿದರು.

ಅವರು ಹೋದ ಮೇಲೆ ವಾರಿಜ ಹೇಳಿದಳು, "ಸೇಸಕ್ಕ, ನೀವು ಈ ಸರ್ತಿ ನಾರು ಬಿಡಿಸಿ ಕೊಟ್ಟರೆ ಸಾಕು. ಹೊಸೆಯುವುದು ನಾವು ಮಾಡ್ತೇವೆ." ಅವಳು ಸಂಘದ ಅಧ್ಯಕ್ಷೆ, ನನಗಿಂತ ಮೂವತ್ತು ವರ್ಷ ಚಿಕ್ಕವಳು. ಅವಳಿಗೆ ಹುರಿ ಹೊಸೆಯಲಿಕ್ಕೆ ಕಲಿಸಿದವಳು ನಾನು. ಅವಳು ಎದುರಿಗೆ ಕೂತು ಕನ್ನಡಿ ನೋಡಿದ ಹಾಗೆ ನನ್ನ ಕೈ ನೋಡಿ ಕಲಿತದ್ದು.

ಮೂರು ತಿಂಗಳು ನಾರು ಬಿಡಿಸಿದೆ. ಮನೆಗೆ ಬಂದು ದನದ ಹಟ್ಟಿಯ ಕಂಬಕ್ಕೆ ಕಟ್ಟಿ ನಾನೊಬ್ಬಳೇ ಒಂದು ಹಗ್ಗ ಮಾಡಿದೆ. ಎರಡು ಬೆರಳು ದಪ್ಪ, ಇಪ್ಪತ್ತು ಮಾರು. ಅಷ್ಟು ಗಟ್ಟಿ ಹಗ್ಗ ಸಂಘದವರು ಮಾಡಿಟ್ಟ ರಾಶಿಯಲ್ಲಿ ಇನ್ನೊಂದು ಇರಲಿಲ್ಲ, ಇದು ಜಂಬದ ಮಾತಲ್ಲ. ಹಗ್ಗ ಒಯ್ಯಲಿಕ್ಕೆ ಟೆಂಪೋ ಬರುವ ದಿನ ಎಲ್ಲರಿಗಿಂತ ಮೊದಲು ಹೋಗಿ ಅದನ್ನು ರಾಶಿಯ ಅಡಿಗೆ ತುರುಕಿದೆ. ಹಗ್ಗಕ್ಕೆ ಎಡ ಎಂತ, ಬಲ ಎಂತ, ಗಟ್ಟಿ ಇದ್ದರೆ ಆಯಿತು ಎಂದುಕೊಂಡೆ. ವಾರಿಜ ನೋಡಿ, "ಹೇಳಿದ್ದಕ್ಕಿಂತ ಒಂದು ಹೆಚ್ಚೇ ಉಂಟು" ಎಂದು ಖುಷಿಪಟ್ಟಳು. ನಾನು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದೆ.

ದೀಪಾವಳಿ ಆದ ಮೇಲೆ ಕರೆ ಬಂತು. ಹಡಗಿನ ಮೈ ಆಗಿದೆ, ಹಾಯಿ ಕಟ್ಟುವ ಕಂಬ ಎತ್ತುವ ದಿನ ಹಗ್ಗ ಮಾಡಿದವರೆಲ್ಲ ಬರಬೇಕು ಎಂದು. ನಾವು ಹನ್ನೊಂದು ಜನವೂ ಬೆಳಗ್ಗಿನ ಬಸ್ಸಿಗೆ ಹೊರಟೆವು. ಬಿ.ಸಿ.ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸು. ವಾರಿಜ ಹೊಸ ಸೀರೆ ಉಟ್ಟು ಕಿಟಕಿ ಬದಿಯಲ್ಲಿ ಕೂತಿದ್ದಳು. ದಾರಿಯುದ್ದಕ್ಕೂ, "ನಮ್ಮ ಹಗ್ಗದಲ್ಲಿ ಹಡಗು ನಿಲ್ತದೆ ಮಾರಾಯ್ರೆ!" ಎಂದು ಪರಿಚಯ ಇಲ್ಲದವರಿಗೂ ಹೇಳುತ್ತಿದ್ದಳು.

ಹೊಳೆಬದಿಗೆ ತಲುಪಿದಾಗ ಮೊದಲು ನನಗೆ ಹಡಗು ಕಾಣಲೇ ಇಲ್ಲ. ಎದುರಿಗೆ ಒಂದು ದೊಡ್ಡ ಮರದ ಗೋಡೆ ಇತ್ತು. ಹಡಗು ಎಲ್ಲಿ ಎಂದು ಕೇಳಿದೆ. "ಇದೇ ಅಜ್ಜಿ" ಎಂದಳು ಎಂಜಿನಿಯರ್ ಹುಡುಗಿ. ನಾನು ಕತ್ತು ಎತ್ತಿದೆ. ಗೋಡೆ ಮೇಲೆ ಹೋಗುತ್ತಾ ಹೋಗುತ್ತಾ ಹೊರಕ್ಕೆ ಬಾಗಿತ್ತು. ಮುಂದಿನ ತುದಿ ಚೂಪಾಗಿ ಆಕಾಶಕ್ಕೆ ಎದ್ದಿತ್ತು. ಆಗ ಸೆರಗಿನಿಂದ ತಲೆ ಮುಚ್ಚಿಕೊಂಡೆ, ಯಾಕೆ ಎಂದು ಗೊತ್ತಿಲ್ಲ. ದೇವಸ್ಥಾನದಲ್ಲಿಯೂ ನಾನು ಹಾಗೆ ಮಾಡುವವಳಲ್ಲ.

ಏಣಿ ಹತ್ತಿಸಿ ಒಳಗೆ ಇಳಿಸಿದರು. ಹೊಟ್ಟೆಯೊಳಗೆ ಅರೆಗತ್ತಲೆ. ಎರಡು ಬದಿಯಿಂದಲೂ ಬಾಗಿದ ಮರದ ಪಕ್ಕೆಲುಬುಗಳು ಸಾಲಾಗಿ ಎದ್ದಿದ್ದವು. ಒಂದೊಂದೂ ನನ್ನ ಸೊಂಟದಷ್ಟು ದಪ್ಪ. ಮೀನೆಣ್ಣೆಯ ವಾಸನೆ, ಗೇರುಬೀಜದ ಎಣ್ಣೆಯ ವಾಸನೆ. ಹೊರಗೆ ನೀರು ಹಲಗೆಗೆ ತಾಗಿ ಗುಳುಂ ಗುಳುಂ ಎನ್ನುತ್ತಿತ್ತು. ಹಲಗೆಗೆ ಕೈ ಇಟ್ಟೆ, ತಂಪಾಗಿತ್ತು. ಬೆರಳಿನ ಆಚೆ ಹೊಳೆ. ನನ್ನ ತವರು ವೇಣೂರು. ಅಲ್ಲಿ ನಾನು ಲಂಗ ಎತ್ತಿ ದಾಟುತ್ತಿದ್ದ ಫಲ್ಗುಣಿಯೇ ಇಲ್ಲಿಗೆ ಬಂದು ಇಷ್ಟು ಅಗಲ ಆಗಿದೆ ಎಂದು ಹುಡುಗಿ ಹೇಳಿದಳು. ನಾನು ನಂಬಲಿಲ್ಲ. ಆಮೇಲೆ ನಂಬಿದೆ.

"ಇಂಥದ್ದರಲ್ಲಿ ಕೂತು ಎಲ್ಲಿಯವರೆಗೆ ಹೋಗುತ್ತಿದ್ದರು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಅರಬ್ ದೇಶಕ್ಕೆ. ನನ್ನ ಅಜ್ಜ ಹೋಗಿದ್ದರು."

"ದಾರಿ ಹೇಗೆ ಗೊತ್ತಾಗುತ್ತಿತ್ತು?"

"ನಕ್ಷತ್ರ ನೋಡಿ."

"ಮೋಡ ಇದ್ದರೆ?"

"ಅಲ್ಲಾಹು ನೋಡಿಕೊಳ್ತಾನೆ. ಅವನೂ ನೋಡದಿದ್ದರೆ ಹಗ್ಗ ನೋಡಿಕೊಳ್ತದೆ" ಎಂದರು ಮೇಸ್ತ್ರಿ. "ಹಡಗಿನಲ್ಲಿ ಮರ ಮುರಿದರೆ ಕಟ್ಟಬಹುದು, ಬಟ್ಟೆ ಹರಿದರೆ ಹೊಲಿಯಬಹುದು. ಹಗ್ಗ ಕೈ ಬಿಟ್ಟರೆ ಮುಗಿಯಿತು."

ಆ ಮಾತು ಕೇಳಿ ಬಾಯಿಯ ಎಲೆ ಅಡಿಕೆ ಕಹಿಯಾಯಿತು.

ಕಂಬ ಎತ್ತುವ ಹೊತ್ತಿಗೆ ನಮ್ಮನ್ನು ದಡದ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಕಂಬ ಎಂದರೆ ಒಂದೇ ಮರ, ತುಂಡು ಜೋಡಿಸಿದ್ದಲ್ಲ. ನಮ್ಮ ತೋಟದ ಹಳೆಯ ತೆಂಗಿಗಿಂತ ಎತ್ತರ. ಹೊಳೆಬದಿಯ ಮಣ್ಣು ಮೆದು, ಕ್ರೇನು ನಿಲ್ಲುವುದಿಲ್ಲ ಎಂದು ಮರದ ದೊಡ್ಡ ರಾಟೆ ನೆಟ್ಟು, ಹದಿನಾರು ಖಲಾಸಿಗಳು ಅದನ್ನು ತಿರುಗಿಸಿ ಎಳೆಯುವುದು. ಎಳೆಯುವ ಹಗ್ಗ ಬೇರೆ. ಕಂಬ ಏಳುವಾಗ ಅತ್ತ ಇತ್ತ ವಾಲದ ಹಾಗೆ ಬಿಗಿ ಹಿಡಿಯುವ ನಾಲ್ಕು ಹಗ್ಗ ನಮ್ಮವು. ಉದ್ದ ಸಾಲದೆ ಎರಡೆರಡನ್ನು ಜೋಡಿಸಿದ್ದರು. ಗೇರುಬೀಜದ ಎಣ್ಣೆಯಲ್ಲಿ ಅದ್ದಿ ಎಲ್ಲ ಕಪ್ಪಗೆ ಒಂದೇ ಥರ ಆಗಿದ್ದವು. ನನ್ನದು ಯಾವುದು ಎಂದು ನನಗೂ ಗೊತ್ತಾಗುವ ಹಾಗಿರಲಿಲ್ಲ.

"ಐಲೇಸಾ" ಎಂದು ಕೂಗು ಎದ್ದಿತು. ರಾಟೆ ಕಿರ್ರ್ ಎಂದು ತಿರುಗಿತು. ಮಲಗಿದ್ದ ಮರದ ತಲೆ ಎದ್ದಿತು. ಮೊದಲು ಒಂದು ಗೇಣು, ಮತ್ತೆ ಒಂದು ಆಳೆತ್ತರ, ಮತ್ತೆ ಮನೆಯ ಹಂಚಿನ ಮಾಡಿನಷ್ಟು. ವಾರಿಜ ನನ್ನ ಕೈ ಹಿಡಿದುಕೊಂಡಳು. ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕೂತು ಕಂಬ ಎಣಿಸಿದವಳು. ಸಾವಿರ ಕಂಬ ನೋಡಿ ಹೀಗೆ ಆಗಲಿಲ್ಲ, ಒಂದು ಕಂಬ ಏಳುವುದು ನೋಡಿ ಉಸಿರು ನಿಂತಿತು. ಅವು ಯಾವತ್ತೋ ನಿಂತದ್ದು. ಇದು ನನ್ನ ಕಣ್ಣೆದುರು ನಿಲ್ಲಲಿಕ್ಕೆ ಹೊರಟದ್ದು.

ಕಂಬ ಅರ್ಧ ಏರಿದಾಗ ಭಾರ ಪಕ್ಕದ ಹಗ್ಗಗಳ ಮೇಲೆ ಬಿತ್ತು. ನಮಗೆ ಹತ್ತಿರ ಇದ್ದ ಹಗ್ಗ ತಂತಿಯ ಹಾಗೆ ಬಿಗಿಯಿತು. ಅದರ ನಡುವಿನ ಜೋಡಣೆ ಮೆಲ್ಲ ತಿರುಗಲಿಕ್ಕೆ ಶುರುವಾಯಿತು. ಒಂದು ಸುತ್ತು. ಎರಡು ಸುತ್ತು.

ಬೇರೆ ಯಾರಿಗೂ ಅದರಲ್ಲಿ ಏನೂ ಕಾಣಲಿಲ್ಲ. ನನಗೆ ಕಂಡಿತು. ಹಗ್ಗವನ್ನು ಎಳೆದರೆ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಎರಡೂ ಬಲಹುರಿ ಆದರೆ ಒಂದು ಅತ್ತ ತಿರುಗುತ್ತದೆ, ಇನ್ನೊಂದು ಇತ್ತ ತಿರುಗುತ್ತದೆ, ನಡುವೆ ಜೋಡಣೆ ಅಲ್ಲಾಡುವುದಿಲ್ಲ. ಒಂದು ಬಲ, ಒಂದು ಎಡ ಆದರೆ ಎರಡೂ ಸೇರಿ ಒಂದೇ ಕಡೆಗೆ ತಿರುಗುತ್ತವೆ. ಎಳೆದಷ್ಟೂ ಎರಡೂ ಬಿಚ್ಚಿಕೊಳ್ಳುತ್ತವೆ. ಮೇಸ್ತ್ರಿ ಬೆರಳು ಎತ್ತಿ ಹೇಳಿದ್ದು ಯಾಕೆ ಎಂದು ಆಗ ತಲೆಗೆ ಹೋಯಿತು. ಆ ರಾಶಿಯಲ್ಲಿ ಎಡಹುರಿ ಇದ್ದದ್ದು ಒಂದೇ. ಕೆಳಗೆ ಕಂಬದ ಬುಡವನ್ನು ಗುಳಿಗೆ ಕೂರಿಸಲು ಹಡಗಿನೊಳಗೆ ಏಳೆಂಟು ಜನ ಬಗ್ಗಿ ನಿಂತಿದ್ದರು. ಅವರಿಗೆ ಮೇಲೆ ನೋಡಲಿಕ್ಕೆ ಪುರುಸೊತ್ತು ಇರಲಿಲ್ಲ.

ಈಗ ನಿಜ ಬರೆಯುತ್ತೇನೆ. ನಾನು ಕೂಡಲೇ ಕೂಗಲಿಲ್ಲ. ಮೂರನೇ ಸುತ್ತು ತಿರುಗುವವರೆಗೆ ಕೂತಿದ್ದೆ. ತಡೆದೀತು, ಗಟ್ಟಿ ಹೊಸೆದಿದ್ದೇನೆ, ತಡೆಯುತ್ತದೆ ಎಂದು ಲೆಕ್ಕ ಹಾಕಿದೆ. ತಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನೇ ಸುತ್ತಿಗೆ ಒಂದು ಎಳೆ ಬಾಯಿ ಬಿಟ್ಟು ಒಳಗಿನ ಹಳದಿ ನಾರು ಕಂಡಿತು.

"ಉಂತುಲೆ! ಉಂತುಲೆ!" ಎಂದು ಎದ್ದು ಕೂಗಿದೆ. ನಿಲ್ಲಿ ಎಂದು. ಐಲೇಸಾದ ನಡುವೆ ಯಾರಿಗೂ ಕೇಳಲಿಲ್ಲ. ಕುರ್ಚಿ ದೂಡಿ, ಕಟ್ಟಿದ್ದ ರಿಬ್ಬನ್ನಿನ ಅಡಿಯಿಂದ ನುಗ್ಗಿ ರಾಟೆಯ ಹತ್ತಿರ ಓಡಿದೆ.

ಎಂಜಿನಿಯರ್ ಹುಡುಗಿ ಅಡ್ಡ ಬಂದಳು. "ಅಜ್ಜಿ, ಇಲ್ಲಿ ಬರಬಾರದು. ಎಂತ ಆಯ್ತು ನಿಮಗೆ? ತಲೆ ತಿರುಗ್ತದಾ?"

"ನನ್ನ ತಲೆ ಅಲ್ಲ, ಹಗ್ಗ ತಿರುಗ್ತದೆ! ಜೋಡಣೆ ನೋಡು!"

ಮೇಸ್ತ್ರಿ ಕೈ ಎತ್ತಿದರು. ರಾಟೆ ನಿಂತಿತು. ಮರ ಅರ್ಧ ಆಕಾಶದಲ್ಲಿ ಓರೆಯಾಗಿ ನೇತಾಡುತ್ತಿತ್ತು.

"ಎಂತ ಅಕ್ಕ?"

"ಆ ಹಗ್ಗದಲ್ಲಿ ಒಂದು ಎಡಹುರಿ ಉಂಟು."

"ನಿನಗೆ ಹೇಗೆ ಗೊತ್ತು?"

"ನಾನೇ ಹೊಸೆದದ್ದು. ನಾನು ಎಡಚಿ. ಬೇಡ ಎಂದಿದ್ದರು. ಕದ್ದು ಹಾಕಿದೆ."

ಹಿಂದಿನಿಂದ ವಾರಿಜ, "ಅಯ್ಯೋ ದೇವರೇ!" ಎಂದದ್ದು ಕೇಳಿತು.

ಮೇಸ್ತ್ರಿಗೆ ಕಣ್ಣು ಮಂಜು. ಹತ್ತಿರ ಹೋಗಿ ಜೋಡಣೆಯನ್ನು ಮುಟ್ಟಲಿಲ್ಲ, ಕಿವಿ ಕೊಟ್ಟು ಕೇಳಿದರು. ನಾರು ಟಿಕ್ ಟಿಕ್ ಎನ್ನುತ್ತಿತ್ತಂತೆ. ಕೂಡಲೇ ತಿರುಗಿ ಬ್ಯಾರಿ ಭಾಷೆಯಲ್ಲಿ ಖಲಾಸಿಗಳಿಗೆ ಏನೋ ಹೇಳಿದರು. ದನಿ ಏರಿಸಲಿಲ್ಲ. ಒಳಗಿದ್ದವರೆಲ್ಲ ಮೇಲೆ ಬಂದರು. ನಾಲ್ಕು ಜನ ಹೊಸ ಹಗ್ಗ ತಂದು, ಇಬ್ಬರು ಏಣಿ ಹಿಡಿದು, ಒಬ್ಬ ಬೆಕ್ಕಿನ ಹಾಗೆ ಹತ್ತಿ ಕಂಬಕ್ಕೆ ಬಿಗಿದು ಇಳಿದ. ಹಳೆಯದನ್ನು ಸಡಿಲ ಬಿಟ್ಟದ್ದೇ ತಡ, ಜೋಡಣೆ ತನ್ನಷ್ಟಕ್ಕೆ ಗಿರಗಿರ ತಿರುಗಿ ಬಿಚ್ಚಿಕೊಂಡು ಎರಡು ತುಂಡಾಗಿ ಕೆಳಗೆ ಬಿತ್ತು. ಒಂದು ತುಂಡು ನನ್ನ ಕಾಲಿನ ಹತ್ತಿರ ಬಿತ್ತು. ನನ್ನದೇ.

ಮತ್ತೆ ಐಲೇಸಾ ಎದ್ದಿತು. ಮರ ಎದ್ದು ಎದ್ದು ನೆಟ್ಟಗೆ ಆಗಿ, ಬುಡ ಗುಳಿಗೆ ಕೂತಾಗ "ಧೊಂ" ಎಂದು ಒಂದು ಸದ್ದು ಬಂತು. ನಾನು ನಿಂತ ನೆಲ ನಡುಗಿತು. ತುದಿ ನೋಡಲು ಕತ್ತು ಎತ್ತಿದೆ. ಮೋಡ ಚಲಿಸುತ್ತಿತ್ತು. ಮೋಡ ನಿಂತು ಹಡಗೇ ಹೋಗುತ್ತಿದೆ ಎಂದು ಕಂಡಿತು. ಹೋಗದ ಹಡಗು ಎಂತಕ್ಕೆ ಎಂದು ಕೇಳಿದವಳು ನಾನು. ಆ ಗಳಿಗೆಯಲ್ಲಿ ಅದು ಹೊರಟಿತ್ತು, ಮಾತಿಲ್ಲ. ತಪ್ಪು, ಮರ್ಯಾದೆ, ಎಲ್ಲ ಮರೆತು ಬಾಯಿ ತೆರೆದು ನಿಂತಿದ್ದೆ.

ಆಮೇಲೆ ನೆನಪಾಯಿತು. ಕುರ್ಚಿಗೆ ಹೋಗಲು ಮುಖ ಇರಲಿಲ್ಲ. ಒಂದು ಹಲಗೆ ರಾಶಿಯ ಮೇಲೆ ಕೂತೆ. ಮೇಸ್ತ್ರಿ ಬಂದರು, ಕೈಯಲ್ಲಿ ನನ್ನ ಹಗ್ಗದ ತುಂಡು.

"ಏಳು ಜನ ಇದ್ದರು ಕೆಳಗೆ. ಒಬ್ಬ ನನ್ನ ಅಳಿಯ" ಎಂದರು.

"ಹೌದು" ಎಂದೆ.

"ಕೂಗದೇ ಇದ್ದಿದ್ದರೆ ಯಾರ ಹಗ್ಗ ಎಂದು ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ."

"ಅದನ್ನೂ ಯೋಚಿಸಿದೆ. ಮೂರು ಸುತ್ತು ಯೋಚಿಸಿದೆ."

ಬಯ್ದರೆ ಬಯ್ಯಲಿ ಎಂದು ಕೂತಿದ್ದೆ. ಅವರು ಹಗ್ಗವನ್ನು ಮೂಗಿಗೆ ಹಿಡಿದರು, ಬಗ್ಗಿಸಿದರು, ಹುರಿ ಬಿಡಿಸಿ ನೋಡಿದರು.

"ಒಳ್ಳೆ ಹಗ್ಗ. ಹಾಳು ಮಾಡಿದೆಯಲ್ಲ ಮಾರಾಯ್ತಿ! ಎಡಚಿ ಎಂದು ಮೊದಲೇ ಬಾಯಿ ಬಿಟ್ಟಿದ್ದರೆ ನಾನೇ ಕೇಳಿ ಮಾಡಿಸುತ್ತಿದ್ದೆ" ಎಂದರು.

ನನಗೆ ಅರ್ಥ ಆಗಲಿಲ್ಲ. ಅವರು ಕಂಬದ ತುದಿ ತೋರಿಸಿದರು. ಅಲ್ಲಿಗೆ ಒಂದು ಉದ್ದದ ಅಡ್ಡಮರ ಏರಿಸಬೇಕು, ಹಾಯಿ ಕಟ್ಟುವುದು ಅದಕ್ಕೆ. ಅದು ಜೋಡಿ ಹಗ್ಗದಲ್ಲಿ ತೂಗುತ್ತದೆ. ಎರಡೂ ಬಲಹುರಿ ಆದರೆ ಒಂದಕ್ಕೊಂದು ಸುತ್ತಿಕೊಂಡು ಅಡ್ಡಮರ ತಿರುಗುತ್ತದೆ. ಒಂದು ಬಲ, ಒಂದು ಎಡ ಇದ್ದರೆ ಒಂದು ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತದೆ. ಒಂದರ ತುದಿಗೆ ಒಂದು ಕಟ್ಟಿದರೆ ಕೊಲ್ಲುವ ಹಗ್ಗ, ಪಕ್ಕ ಪಕ್ಕ ಇಟ್ಟರೆ ಕಾಯುತ್ತದೆ. ಅವರ ಅಪ್ಪ ಎಡಗೈಯವರು ಎಲ್ಲಿದ್ದಾರೆ ಎಂದು ಹೊಳೆಯುದ್ದಕ್ಕೂ ಕೇಳಿಕೊಂಡು ಹೋಗುತ್ತಿದ್ದರಂತೆ. "ಬಲಗೈಯವರು ಉಲ್ಟಾ ಹೊಸೆದರೆ ಸಡಿಲ ಆಗ್ತದೆ. ಈ ಸರ್ತಿ ಸಿಗಲಿಕ್ಕಿಲ್ಲ ಎಂದು ನೈಲಾನ್ ಹಾಕುವ ಎಂದಿದ್ದೆ" ಎಂದರು.

"ಅದನ್ನು ಆ ದಿನ ವಾಮದಪದವಿನಲ್ಲಿ ಕೇಳಬಹುದಿತ್ತಲ್ಲ ನೀವು?"

"ಎಡಚರು ಯಾರು ಎಂದು ಕೇಳಿದರೆ ಯಾರು ಕೈ ಎತ್ತುತ್ತಾರೆ? ಎಲ್ಲರೂ ಮುಚ್ಚಿಡುವುದೇ."

ಅದು ಹೌದು. ಅಷ್ಟೂ ಜನ ನನ್ನ ಮುಖ ನೋಡಿದ ದಿನ ನಾನು ಕೈ ಎತ್ತಿರಲಿಲ್ಲ.

ಊರಿಗೆ ಬರುವಾಗ ಬಸ್ಸಿನಲ್ಲಿ ವಾರಿಜ ಬೇರೆ ಸೀಟಿನಲ್ಲಿ ಕೂತಳು. ಒಂದು ತಿಂಗಳು ಮಾತಿಲ್ಲ. ನಾನೂ ಕ್ಷಮಿಸು ಎಂದು ಹಿಂದೆ ಹೋಗಲಿಲ್ಲ, ಅವಳ ಸಿಟ್ಟು ನ್ಯಾಯದ್ದು. ಆ ತಿಂಗಳು ಮೇಸ್ತ್ರಿ ಹೇಳಿದ ಹಗ್ಗ ಹೊಸೆದೆ. ಈ ಸಲ ಹಟ್ಟಿಯಲ್ಲಿ ಅಲ್ಲ, ಸಂಘದ ಜಗಲಿಯಲ್ಲಿ, ಎಲ್ಲರ ಎದುರು, ಎಡ ಅಂಗೈ ಮುಂದೆ ಮಾಡಿ. ಮೂವತ್ತು ಮಾರು, ಒಂದೇ ಉದ್ದಕ್ಕೆ, ನಡುವೆ ಜೋಡಣೆ ಇಲ್ಲದೆ. ಕೊನೆಯ ದಿನ ವಾರಿಜ ಬಂದು ಎದುರು ಕೂತಳು. "ನಾರು ಸಾಕಾ ಎಡಚಕ್ಕ? ಬೇಕಾದರೆ ಹೇಳಿ. ಕದಿಯುವುದು ಬೇಡ" ಎಂದಳು. ನಕ್ಕೆವು.

ಈಗ ಹಡಗು ನೋಡಲಿಕ್ಕೆ ಜನ ಬರುತ್ತಾರೆ. ಹೋದ ವರ್ಷ ನಾನೂ ಹೋಗಿದ್ದೆ. ಒಳಗಿನ ಗೋಡೆಯಲ್ಲಿ ಹಿಂದಿನ ಮಂಜಿ ಹಡಗುಗಳು ಹೋದ ಊರುಗಳ ಹೆಸರು ಉಂಟು, ಹೊತ್ತ ಸಾಮಾನಿನ ಹೆಸರು ಉಂಟು. ಹಗ್ಗ ಹೊಸೆದವರ ಹೆಸರು ಇಲ್ಲ. ಇರಬೇಕು ಎಂದು ನನಗೆ ಇಲ್ಲ. ಮೇಲೆ ನಿಂತು ನೋಡಿದೆ. ಸಮುದ್ರದ ಕಡೆಯಿಂದ ಗಾಳಿ ಬಂತು. ಹಾಯಿ ಉಬ್ಬಿತು, ಹಲಗೆಗಳು ಕಿರ್ರ್ ಎಂದವು, ಅಷ್ಟು ದೊಡ್ಡ ಹಡಗು ಕಟ್ಟಿದಲ್ಲಿಯೇ ಒಮ್ಮೆ ಉಸಿರೆಳೆಯಿತು. ಜನ ಹಾಯಿ ನೋಡಿ ಹೋ ಎಂದರು. ನಾನು ಅಡ್ಡಮರ ನೋಡುತ್ತಿದ್ದೆ. ಅದು ತಿರುಗಲಿಲ್ಲ.

ಆದರೂ ಆ ದಿನದ ನಾಲ್ಕು ಸುತ್ತು ನನ್ನನ್ನು ಬಿಟ್ಟಿಲ್ಲ. ಒಂದನೇ ಸುತ್ತಿಗೆ ಕೂಗಬಹುದಿತ್ತು. ಹುರಿ ಹೊಸೆಯುವಾಗ ಈಗಲೂ ಅದು ಕಣ್ಣೆದುರು ತಿರುಗುತ್ತದೆ. ಸಂಘಕ್ಕೆ ಹೊಸಬರು ಯಾರು ಬಂದರೂ ಹೆಸರು ಕೇಳುವ ಮೊದಲು ನಾನು, "ನಿನ್ನದು ಯಾವ ಕೈ?" ಎಂದು ಕೇಳುತ್ತೇನೆ. ಮೊನ್ನೆ ಒಬ್ಬಳು ನಾಚಿಕೊಂಡು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹೊರಗೆ ತೆಗಿ. ಇಲ್ಲಿ ಬಂದು ನನ್ನ ಪಕ್ಕ ಕೂತುಕೋ" ಎಂದೆ.